ಚಾಪೆ ಸುತ್ತುವ ಹೊತ್ತು: ಒಂದು ಆಪ್ತಸಲಹೆ ಪ್ರಕರಣ

ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬಗಳಿಂದ ಇದೇ ದೂರು ಮತ್ತೆ ಮತ್ತೆ ಬರುತ್ತಿದೆ. ಮಗು ಮಾಂಟೆಸೊರಿ ಚಾರ್ಟರ್ ಶಾಲೆಯಲ್ಲಿದೆ (ಸರ್ಕಾರದ ಹಣದಲ್ಲಿ ನಡೆಯುವ ಶಾಲೆ; ಮಕ್ಕಳು ತಾವೇ ಕೆಲಸ ಆರಿಸಿಕೊಂಡು, ಚಾಪೆ ಹಾಸಿ ಮಾಡುತ್ತಾರೆ), ಮುಖ್ಯಸ್ಥರು ವರ್ಷದ ನಡುವೆ ಬಿಟ್ಟುಹೋಗಿದ್ದಾರೆ, ಹಂಗಾಮಿಯೊಬ್ಬರು ಬಂದು ಕೂತಿದ್ದಾರೆ, ತಂದೆತಾಯಿಗೆ ನಿದ್ದೆಯಿಲ್ಲ. ಅಂಥದ್ದೊಂದು ಪ್ರಕರಣವನ್ನು ಗುರುತು ಮರೆಸಿ ಬರೆಯುತ್ತಿದ್ದೇನೆ.

ದಂಪತಿ ಬೆಂಗಳೂರಿನವರು, ಇಬ್ಬರೂ ಸಾಫ್ಟ್‌ವೇರ್. ಎಂಟು ವರ್ಷದ ಮಗ 6ರಿಂದ 9ರ ಮಿಶ್ರ ವಯಸ್ಸಿನ ತರಗತಿಯಲ್ಲಿ ಮೂರನೇ ವರ್ಷದಲ್ಲಿದ್ದ. ಶಾಲೆಗೆ ಈ ಹಂಗಾಮಿಯವರು ಎರಡು ವರ್ಷದಲ್ಲಿ ಮೂರನೇ ಮುಖ್ಯಸ್ಥರು. ಹುಡುಗ ದಿನಾ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತಿದ್ದ. ವೈದ್ಯರು ನೋಡಿ ಏನೂ ಇಲ್ಲವೆಂದಿದ್ದರು. ಅವರ ಪ್ರಶ್ನೆ ಒಂದೇ: "ಶಾಲೆ ಬಿಡಿಸ್ಬೇಕಾ?"

ಮೊದಲೆರಡು ಭೇಟಿಯಲ್ಲಿ ನನಗೆ ಕಂಡದ್ದು ದೊಡ್ಡವರ ಆತಂಕ. ಯಾವ ಪತ್ರ ಎಂದು ಬಂತು, ಯಾರು ಯಾಕೆ ಬಿಟ್ಟಿರಬಹುದು ಎಂದು ಅಪ್ಪ ಒಂದು ಎಕ್ಸೆಲ್ ಶೀಟನ್ನೇ ಮಾಡಿಟ್ಟಿದ್ದರು. ಮಗ ಇಂಗ್ಲಿಷಿನಲ್ಲಿ ಉತ್ತರಿಸುತ್ತಾನೆ ಎಂಬ ಒಂದೇ ಕಾರಣಕ್ಕೆ ಅವನಿಗೆ ಕನ್ನಡ ತಿಳಿಯದೆಂದು ನಂಬಿ, ಊಟದ ಮೇಜಿನಲ್ಲೇ ಎಲ್ಲವನ್ನೂ ಕನ್ನಡದಲ್ಲಿ ಆಡುತ್ತಿದ್ದರು. (ಹೊರದೇಶದ ನಮ್ಮ ಮನೆಗಳಲ್ಲಿ ಈ ಭ್ರಮೆ ಸಾಮಾನ್ಯ. ಆಡಲಾರದ ಮಗುವಿಗೂ ಬಹಳಷ್ಟು ಅರ್ಥವಾಗುತ್ತಿರುತ್ತದೆ.) ಮೇಜಿನ ಮಾತು ನಿಲ್ಲಿಸಿ ಎಂದೆ. ಅದು ಸರಿಯಾದ ಸಲಹೆಯೇ, ಆದರೆ ಸಾಲಲಿಲ್ಲ.

ಮೂರನೇ ಭೇಟಿಗೆ ಹುಡುಗನನ್ನೂ ಕೂರಿಸಿದರು. ಈ ವಾರ ಯಾವ ಕೆಲಸ ತೊಗೊಂಡೆ ಎಂದು ಕನ್ನಡದಲ್ಲೇ ಕೇಳಿದೆ. ಸ್ಟ್ಯಾಂಪ್ ಗೇಮ್ (ಸಣ್ಣ ಬಿಲ್ಲೆಗಳಿಂದ ಲೆಕ್ಕ ಮಾಡುವ ಕೆಲಸ) ಅಂದ. ಅಮ್ಮ ತಡೆದರು: "ಅದು ಚಿಕ್ಕೋರ್ದಲ್ವಾ? ನೀನು ಚೆಕ್ಕರ್‌ಬೋರ್ಡ್ ಮಾಡ್ತಿದ್ಯಲ್ಲ?" ಹುಡುಗ ಇಂಗ್ಲಿಷಿನಲ್ಲಿ ಹೇಳಿದ್ದರ ಸಾರ ಇಷ್ಟು: ಅದಕ್ಕೆ ತುಂಬ ಹೊತ್ತು ಬೇಕು, ಮುಗಿಯುವ ಮೊದಲೇ ಗಂಟೆ ಹೊಡೆಯುತ್ತಾರೆ, ಚಾಪೆ ಸುತ್ತಿಬಿಡಬೇಕು.

ಚೆಕ್ಕರ್‌ಬೋರ್ಡ್ ನೋಡದವರಿಗೆ ಈ ಮಾತಿನ ತೂಕ ತಿಳಿಯದು. ಅದು ದೊಡ್ಡ ಸಂಖ್ಯೆಗಳ ಗುಣಾಕಾರದ ಹಲಗೆ. ಬಿಡಿ, ಹತ್ತು, ನೂರಕ್ಕೆ ಹಸಿರು, ನೀಲಿ, ಕೆಂಪು ಚೌಕಗಳು. 4,357ನ್ನು 23ರಿಂದ ಗುಣಿಸಲು ಒಂದೊಂದು ಚೌಕದಲ್ಲೂ ಮಣಿಕಡ್ಡಿ ಇಡಬೇಕು, ಮೇಲಿನ ಸಾಲಿನವನ್ನು ಓರೆಯಾಗಿ ಕೆಳಗೆ ಜಾರಿಸಬೇಕು, ಹತ್ತಾದದ್ದನ್ನು ಎಡಕ್ಕೆ ದಾಟಿಸಬೇಕು. ನಡುವೆ ಎತ್ತಿಟ್ಟರೆ ಎಲ್ಲಿಗೆ ಬಂದಿದ್ದೆ ಎಂಬುದೇ ಕಳೆದುಹೋಗುತ್ತದೆ. ಎರಡು ಸಲ ಹಾಗಾದ ಮಗು ಮೂರನೇ ಸಲ ಸಣ್ಣ ಕೆಲಸಕ್ಕೇ ಕೈಹಾಕುತ್ತದೆ. ಅದನ್ನು ಸೋಮಾರಿತನ ಅನ್ನಲಾಗದು.

ಮರುದಿನ ಅಮ್ಮ ಶಿಕ್ಷಕಿಯನ್ನು ವಿಚಾರಿಸಿದರು. 8:30ರಿಂದ 11:30ರವರೆಗಿದ್ದ ಅಡ್ಡಿಯಿಲ್ಲದ ಕೆಲಸದ ಅವಧಿ 10ಕ್ಕೇ ಮುಗಿಯತೊಡಗಿ ಆರು ವಾರವಾಗಿತ್ತು. ಆಮೇಲಿನದು ಪರೀಕ್ಷೆ ತಯಾರಿ. ಅಪ್ಪನ ಶೀಟಿನಲ್ಲಿ ಈ ಸಾಲೇ ಇರಲಿಲ್ಲ.

ಹಂಗಾಮಿ ಮುಖ್ಯಸ್ಥರು ದುಷ್ಟರೇನಲ್ಲ. ಅಲ್ಲಿ ರಾಜ್ಯದ ಪರೀಕ್ಷೆ ಮೂರನೇ ತರಗತಿಯಿಂದ ಶುರು. ಚಾರ್ಟರ್ ಶಾಲೆ ಸರ್ಕಾರದ ಹಣದಲ್ಲಿ, ಶುಲ್ಕವಿಲ್ಲದೆ, ಚಾರ್ಟರ್ ಎಂಬ ಒಂದು ಸನ್ನದಿನ ಮೇಲೆ ನಡೆಯುವಂಥದ್ದು; ಸನ್ನದಿಗೆ ಅವಧಿಯಿದೆ, ಅದನ್ನು ನವೀಕರಿಸುವಾಗ ಮಕ್ಕಳ ಅಂಕವನ್ನೂ ನೋಡುತ್ತಾರೆ. ಹೊಸದಾಗಿ ಬಂದವರು ಮೊದಲು ಕತ್ತರಿ ಹಾಕುವುದು ಆ ಮೂರು ಗಂಟೆಯ ಅವಧಿಗೇ.

ಶಾಲೆ ಬಿಡಿಸಿ ಎಂದು ನಾನು ಹೇಳಲಿಲ್ಲ. ಇದಕ್ಕೆ ನನ್ನನ್ನು ಬೈದವರೂ ಇದ್ದಾರೆ. ನನ್ನ ಕಾರಣ ಹೀಗಿದೆ: ಮೂರು ವರ್ಷದ ಚಕ್ರದಲ್ಲಿ ಕೊನೆಯ ವರ್ಷ ಮಗು ದೊಡ್ಡವನಾಗುವ ವರ್ಷ, ಚಿಕ್ಕವರಿಗೆ ತೋರಿಸಿಕೊಡುವ ಸರದಿ. ಶಿಕ್ಷಕಿ ಬದಲಾಗಿರಲಿಲ್ಲ. ಸೀಟು ಸಿಕ್ಕಿದ್ದು ಲಾಟರಿಯಲ್ಲಿ, ಬಿಟ್ಟರೆ ಹೋಯಿತು. ಮುಖ್ಯಸ್ಥರ ಜೊತೆಗೇ ಶಿಕ್ಷಕಿಯೂ ಹೊರಟಿದ್ದರೆ ನನ್ನ ಸಲಹೆ ಬೇರೆಯೇ ಇರುತ್ತಿತ್ತು.

ಹೇಳಿದ್ದು ಇಷ್ಟು. ಮೊದಲು ತರಗತಿ ವೀಕ್ಷಣೆಗೆ ಸಮಯ ಕೇಳಿ. ನಲವತ್ತೈದು ನಿಮಿಷ ಕುರ್ಚಿಯಲ್ಲಿ ಸುಮ್ಮನೆ ಕೂತು ಎರಡನ್ನು ಮಾತ್ರ ಎಣಿಸಿ: ದೊಡ್ಡವರು ಇಡೀ ಗುಂಪನ್ನು ಎಷ್ಟು ಸಲ ಕರೆದರು, ಎಷ್ಟು ಮಕ್ಕಳು ಶುರು ಮಾಡಿದ್ದನ್ನು ತಾವೇ ಮುಗಿಸಿ ಎತ್ತಿಟ್ಟರು. ಆಮೇಲೆ ಸನ್ನದಿನ ಪ್ರತಿ ತರಿಸಿ. ಅದು ಸಾರ್ವಜನಿಕ ದಾಖಲೆ, ಶಿಕ್ಷಣ ಕ್ರಮದ ವಿವರಣೆ ಅದರಲ್ಲಿ ಇರಲೇಬೇಕು. ಮೂರು ಗಂಟೆಯ ಅವಧಿ ಅಲ್ಲಿ ಬರೆದಿದ್ದರೆ ಆ ಪುಟಕ್ಕೆ ಗುರುತು ಹಾಕಿ. ಸನ್ನದಿನಲ್ಲಿ ಮುಖ್ಯ ಬದಲಾವಣೆಗೆ ಅದನ್ನು ಕೊಟ್ಟ ಪ್ರಾಧಿಕಾರದ ಒಪ್ಪಿಗೆ ಬೇಕು.

ಮೂರನೆಯದು ಆಡಳಿತ ಮಂಡಳಿಯ ಸಭೆ. ಬೆಂಗಳೂರಿನ ಖಾಸಗಿ ಶಾಲೆಯಲ್ಲಿ ಮೇಡಂ ಹತ್ತಿರ ಹೋಗಿ ಗೋಗರೆಯುತ್ತೇವೆ, ಇಲ್ಲವೇ ಟಿಸಿ ತೊಗೊಳ್ಳುತ್ತೇವೆ. ಅಲ್ಲಿ ಹಾಗಲ್ಲ. ಸಾಮಾನ್ಯ ಸಭೆಯ ಕಾರ್ಯಸೂಚಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಸಾರ್ವಜನಿಕರಿಗೆ ಮಾತಾಡಲು ಅವಕಾಶ ಇರಲೇಬೇಕು. "ನಾವು ವೀಸಾ ಮೇಲಿರೋರು, ನಮ್ಮ ಹೆಸರ್ಯಾಕೆ ಅಲ್ಲಿ?" ಅಂದರು ಅಮ್ಮ. ಹೆಸರು ಬರೆದರೆ ಮಾತ್ರ ಒಳಗೆ ಬನ್ನಿ ಎಂದು ಕಡ್ಡಾಯ ಮಾಡುವಂತಿಲ್ಲ ಎಂದೆ.

ಹಳಬರು ಯಾಕೆ ಹೋದರು ಎಂದು ಕೇಳಬೇಡಿ ಎಂದೆ. ಸಿಬ್ಬಂದಿ ವಿಷಯಕ್ಕೆ ಸಭೆಯ ಬಾಗಿಲು ಮುಚ್ಚುತ್ತಾರೆ, ಉತ್ತರ ಸಿಗುವುದಿಲ್ಲ, ಸಿಕ್ಕಿದ ಎರಡು ಮೂರು ನಿಮಿಷ ದಂಡ. ವಾಟ್ಸ್ಯಾಪ್ ಗುಂಪಿನಲ್ಲಿ ಸಿದ್ಧವಾಗಿದ್ದ, ಹಂಗಾಮಿಯವರ ಹೆಸರೆತ್ತಿ ಬರೆದ ಮನವಿಗೂ ಸಹಿ ಬೇಡವೆಂದೆ. ಅಂಥ ಕಾಗದ ಬಂದೊಡನೆ ಮಂಡಳಿ ವ್ಯಕ್ತಿಯ ರಕ್ಷಣೆಗೆ ನಿಲ್ಲುತ್ತದೆ, ವೇಳಾಪಟ್ಟಿ ಮರೆತೇಹೋಗುತ್ತದೆ. ವೇಳಾಪಟ್ಟಿಯನ್ನೇ ಕಾರ್ಯಸೂಚಿಗೆ ಸೇರಿಸಿ ಎಂದು ಕೇಳಿ, 250 ಪದ ಮೀರದಂತೆ ಬರೆದು ಓದಿ ಎಂದೆ.

ಅಪ್ಪ ಓದಿದರು. ಮುಂದಿನ ತಿಂಗಳು ವಾರದಲ್ಲಿ ಮೂರು ದಿನ ಪೂರ್ತಿ ಅವಧಿ ವಾಪಸ್ ಬಂತು, ಎರಡು ದಿನ ಬರಲಿಲ್ಲ. ಹೊಟ್ಟೆನೋವು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.

ಈಗ ಕಾಯಂ ಮುಖ್ಯಸ್ಥರ ಸಂದರ್ಶನ ಸಮಿತಿಗೆ ಒಬ್ಬ ಪೋಷಕರು ಬೇಕಂತೆ. ಹೋಗಲಾ, ಏನು ಕೇಳಲಿ ಎಂದು ಅಪ್ಪ ಫೋನ್ ಮಾಡಿದ್ದರು. ಹೋಗಿ, ಒಂದೇ ಪ್ರಶ್ನೆ ಕೇಳಿ ಎಂದೆ: ಗಂಟೆ ಹೊಡೆದಾಗ ಕೆಲಸ ಮುಗಿದಿರದ ಮಗು ಚಾಪೆಯ ಮೇಲೆ ತನ್ನ ಹೆಸರಿನ ಚೀಟಿ ಇಟ್ಟು, ನಾಳೆ ಅಲ್ಲಿಂದಲೇ ಮುಂದುವರಿಸಬಹುದೇ?