ಪ್ರತಿಕ್ರಿಯೆ: 1905ರಲ್ಲಿ ಗೋಲ್ಡ್ ಕೋಸ್ಟ್‌ಗೆ ಹೊರಟ ಬ್ರಿಟಿಷ್ ಅಧಿಕಾರಿಯ ಸಾಮಾನು

1905ರಲ್ಲಿ ಗೋಲ್ಡ್ ಕೋಸ್ಟ್‌ಗೆ, ಅಂದರೆ ಪಶ್ಚಿಮ ಆಫ್ರಿಕಾದ ಇಂದಿನ ಘಾನಾಕ್ಕೆ, ಹೊರಟ ಬ್ರಿಟಿಷ್ ಅಧಿಕಾರಿಗೆ ನಿಮ್ಮ ನಾಟಕದಲ್ಲಿ ಕೊಟ್ಟ ಸಾಮಾನಿನ ಪಟ್ಟಿ ಆ ಕಾಲದ್ದು ಯಾಕೆ ಅನ್ನಿಸುತ್ತಿಲ್ಲ ಅಂತ ಕೇಳಿದ್ದೀರಿ. ಕಾರಣ ಬಹುಶಃ ಎರಡೇ: ಚರ್ಮದ ಸೂಟ್‌ಕೇಸ್ ಮತ್ತು ಡಿಡಿಟಿ. ಡಿಡಿಟಿ ಹುಳು ಕೊಲ್ಲುತ್ತದೆ ಅಂತ ಗೊತ್ತಾಗಿದ್ದೇ 1939ರಲ್ಲಿ. ಅದನ್ನು ತೆಗೆದುಬಿಡಿ.

ಮೊದಲು ಪೆಟ್ಟಿಗೆ ಬದಲಿಸಿ. ಅಲ್ಲಿನ ಸೆಕೆಗೆ ಚರ್ಮ ಬೂಷ್ಟು ಹಿಡಿಯುತ್ತಿತ್ತು, ಮರಕ್ಕೆ ಗೆದ್ದಲು. ಅದಕ್ಕೇ ತಗಡಿನ ಟ್ರಂಕು. ದೊಡ್ಡದೊಂದು ಬೇಡ, ಚಿಕ್ಕವು ನಾಲ್ಕೈದು ಇರಲಿ. ಒಳನಾಡಿಗೆ ಹೊರೆ ಹೋಗುತ್ತಿದ್ದದ್ದು ಕೂಲಿಗಳ ತಲೆ ಮೇಲೆ, ಒಬ್ಬರಿಗೆ ಸುಮಾರು 60 ಪೌಂಡ್, ಅಂದರೆ 27 ಕೆ.ಜಿ. ರಂಗದ ಮೇಲೂ ಎತ್ತಲು ಸುಲಭ, ಅಲ್ವಾ?

ಆಮೇಲೆ ಒಳಗೆ ಮಲೇರಿಯಾಕ್ಕೆ ಕ್ವಿನೈನ್ ಔಷಧಿ, ಮಡಚುವ ಮಂಚ, ಲಾಟೀನು, ಸೊಳ್ಳೆಪರದೆ. ಮಲೇರಿಯಾಕ್ಕೂ ಸೊಳ್ಳೆಗೂ ಇರುವ ನಂಟನ್ನು ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ 1897ರಲ್ಲೇ ಸಿಕಂದರಾಬಾದಿನಲ್ಲಿ ಕಂಡಿದ್ದ. ಹಾಗಾಗಿ ಪರದೆ ಬಿಡಬೇಡಿ. ತಲೆಗೆ ಬೆಂಡಿನ ಟೋಪಿ. ಹೊಟ್ಟೆಗೆ ಸುತ್ತುವ ಫ್ಲಾನೆಲ್ ಪಟ್ಟಿಯೂ ಇತ್ತು, ಕಾಲರಾ ತಡೆಯುತ್ತೆ ಅಂತ ನಂಬಿಕೆ. ಸುಮ್ನೆ ಬೆವರು ಅಷ್ಟೇ! ನಗು ಬೇಕಿದ್ದರೆ ಅದನ್ನೇ ಬಳಸಿ.

ನಿಮ್ಮ ಪಾತ್ರ ಎಲ್ಲಿಯವರೆಗೆ ಹೋಗುತ್ತಾನೆ ಅಂತ ನೀವು ಬರೆದಿಲ್ಲ. ಕರಾವಳಿಯ ಸೆಕೊಂಡಿಯಿಂದ ಒಳನಾಡಿನ ಕುಮಾಸಿಗೆ 1903ರಲ್ಲೇ ರೈಲು ಬಂದಿತ್ತು. ಅಲ್ಲಿಗೇ ನಿಂತರೆ ಕೂಲಿಗಳ ದೃಶ್ಯ ಬೇಡ, ಉತ್ತರಕ್ಕೆ ಹೋದರೆ ಇಟ್ಟುಕೊಳ್ಳಿ.