ಹೊಲ ನಿವೇಶನವಾಗುವ ಮುನ್ನ ಊರನ್ನು ಕೇಳಲಿ

ತುಮಕೂರು ಜಿಲ್ಲೆಯ ನಿವೃತ್ತ ಶಿಕ್ಷಕರೊಬ್ಬರು, ಹೆಸರು ಹಾಕಬೇಡಿ ಎಂಬ ಕೋರಿಕೆಯೊಂದಿಗೆ ಬರೆದ ಪತ್ರದ ಸಾರ ಇದು: "ನಮ್ಮೂರಿನ ಪಕ್ಕ 14 ಎಕರೆ ಹೊಲದಲ್ಲಿ ಲೇಔಟ್ ಆಗಿದೆ. ಅಲಿನೇಷನ್ (ಕೃಷಿ ಜಮೀನಿನ ಪರಿವರ್ತನೆ) ಮುಗಿದಿದೆ, ಯೋಜನಾ ಪ್ರಾಧಿಕಾರದ ಒಪ್ಪಿಗೆಯೂ ಸಿಕ್ಕಿದೆ. ಮಗಳಿಗೆಂದು 30×40 ಸೈಟಿಗೆ ಮುಂಗಡ ಕೊಟ್ಟಿದ್ದೇನೆ. ಈಗ ಗ್ರಾಮ ಪಂಚಾಯಿತಿಯವರು ನೀರು, ಚರಂಡಿಯ ವಿಚಾರ ತೀರ್ಮಾನವಾಗುವವರೆಗೆ ಬಡಾವಣೆಯನ್ನು ವಹಿಸಿಕೊಳ್ಳುವುದಿಲ್ಲ, ಇ-ಸ್ವತ್ತು (ಪಂಚಾಯಿತಿಯ ಆನ್‌ಲೈನ್ ಖಾತೆ) ಕೊಡುವುದಿಲ್ಲ ಎಂದು ನಿರ್ಣಯ ಮಾಡಿ ಕೂತಿದ್ದಾರೆ. ಸದಸ್ಯರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರು ಬೆರಳೆಣಿಕೆಯಷ್ಟು. ಅಭಿವೃದ್ಧಿಗೆ ಅಡ್ಡಗಾಲು ಹಾಕುವ ಈ ಅಧಿಕಾರವನ್ನು ಅವರಿಂದ ತೆಗೆದು ಅಧಿಕಾರಿಗಳಿಗೆ ಕೊಡಬಾರದೇಕೆ?"

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಪಿಂಚಣಿಯ ದುಡ್ಡು ಮುಂಗಡವಾಗಿ ಹೋಗಿ ಕೂತಿರುವಾಗ ಯಾರಿಗಾದರೂ ನಿದ್ದೆ ಬರುವುದಿಲ್ಲ. ಹಳ್ಳಿಯಲ್ಲೂ ಮನೆ ಬೇಕು, ಮಕ್ಕಳು ಬೇರೆಯಾದಾಗ ಇನ್ನೊಂದು ಸೂರು ಬೇಕು. ಒಂದು ಖಾತೆಗೆ ಇಷ್ಟು ಎಂದು ಕೈಯೊಡ್ಡುವವರು ಕೆಲವು ಪಂಚಾಯಿತಿಗಳಲ್ಲಿ ಇದ್ದಾರೆ ಎಂಬುದೂ ಸುಳ್ಳಲ್ಲ. ಇಷ್ಟನ್ನು ಒಪ್ಪಿಕೊಂಡು ಹೇಳುತ್ತೇನೆ: ನಿಮ್ಮ ಪಂಚಾಯಿತಿಯ ಸದಸ್ಯರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಅವರ ಮೇಲೆ ನನಗೆ ಅಭಿಮಾನ ಮೂಡಿತು.

ನಿಮ್ಮ ಪತ್ರದ ಎರಡನೇ ಪುಟದಲ್ಲೇ ಉತ್ತರವಿದೆ. ಊರಿಗೆ ಇರುವುದು ಎರಡು ಕೊಳವೆಬಾವಿ, 50 ಸಾವಿರ ಲೀಟರಿನ ಒಂದು ಓವರ್‌ಹೆಡ್ ಟ್ಯಾಂಕು. ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ನೀರು ಎಂದು ನೀವೇ ಬರೆದಿದ್ದೀರಿ. ಲೇಔಟಿನಲ್ಲಿ 200ಕ್ಕೂ ಹೆಚ್ಚು ಸೈಟುಗಳಿವೆ. ಮನೆಗೆ ನಾಲ್ಕು ಜನ ಎಂದು ಹಿಡಿಯಿರಿ. ಜಲಜೀವನ್ ಮಿಷನ್ ಪ್ರಕಾರ ಒಬ್ಬರಿಗೆ ದಿನಕ್ಕೆ 55 ಲೀಟರ್ ಕೊಡಬೇಕು. 200 ಮನೆಗೆ ದಿನಕ್ಕೆ 44 ಸಾವಿರ ಲೀಟರ್ ಆಯಿತು. ಈಗಿರುವ ಊರಿಗೇ ಸಾಲದ ನೀರಿನಲ್ಲಿ ಇದನ್ನು ಎಲ್ಲಿಂದ ತರುವುದು? ಸೈಟು ಮಾರಿದವರು ದುಡ್ಡು ಎಣಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ರಸ್ತೆ, ಬೀದಿ ದೀಪದ ಬಿಲ್ಲು, ಕಟ್ಟಿಕೊಂಡ ಚರಂಡಿ, ಒಣಗಿದ ಪಾರ್ಕು, ಎಲ್ಲವೂ ಪಂಚಾಯಿತಿಯ ತಲೆಗೆ ಬೀಳುತ್ತದೆ. ವಹಿಸಿಕೊಳ್ಳುವ ಮುಂಚೆ ಕೇಳದೆ ಇನ್ಯಾವಾಗ ಕೇಳಬೇಕು?

ಬೆಂಗಳೂರಿನ ಹೊರವಲಯದ ಒಂದು ಹಳ್ಳಿಯಲ್ಲಿ ಇಂಥ ಬಡಾವಣೆಯನ್ನು ಹತ್ತಿರದಿಂದ ನೋಡಿದ್ದೇನೆ. ಬಾಗಿಲಲ್ಲಿ ಎತ್ತರದ ಆರ್ಚು, ಒಳಗೆ ಕೆಂಪು ಬಣ್ಣದಲ್ಲಿ ನಂಬರು ಬರೆದ ಕಲ್ಲುಗಳು, ಹೊಸ ಡಾಂಬರು. ನೀರುಗಂಟಿ ಬೆಳಿಗ್ಗೆ ಐದಕ್ಕೆ ಗುಂಡಿಯೊಳಗೆ ಇಳಿದು ವಾಲ್ವು ತಿರುಗಿಸುತ್ತಿದ್ದ. ಬಲಕ್ಕೆ ತಿರುಗಿಸಿದರೆ ಲೇಔಟಿಗೆ, ಎಡಕ್ಕೆ ತಿರುಗಿಸಿದರೆ ಹಳೇ ಕಾಲೋನಿಗೆ. ಎರಡಕ್ಕೂ ಒಟ್ಟಿಗೆ ಬಿಟ್ಟರೆ ಯಾವ ಕಡೆಗೂ ಏರುವುದಿಲ್ಲ. ಕಾಲೋನಿಯ ಹೆಂಗಸರು ಖಾಲಿ ಕೊಡ ಸಾಲಿಗಿಟ್ಟು ಅವನ ಕೈಯನ್ನೇ ನೋಡುತ್ತಾ ನಿಂತಿದ್ದರು. "ಯಾವ ಕಡೆ ತಿರುಗಿಸಿದರೂ ಬೈಗುಳ ನನಗೇ ಸಾರ್" ಅಂದ. ಬಡಾವಣೆಯ ಕೊಳಚೆ ನೀರು ರಾಜಕಾಲುವೆ ಸೇರಿ ಕೆರೆಗೆ ಹೋಗುತ್ತಿತ್ತು. ಅಲ್ಲಿ ಎಲ್ಲ ಕಾಗದವೂ ಕ್ರಮಬದ್ಧವಾಗಿತ್ತು. ಒಬ್ಬ ಅಧಿಕಾರಿಯೂ ತಪ್ಪು ಮಾಡಿರಲಿಲ್ಲ.

ಅಧಿಕಾರಿಗಳಿಗೆ ಅಧಿಕಾರ ಕೊಡಿ ಅನ್ನುತ್ತೀರಿ. ಮೇಷ್ಟ್ರೇ, ಅದು ಮೊದಲಿನಿಂದ ಅವರ ಬಳಿಯೇ ಇದೆ. ಕೃಷಿ ಜಮೀನನ್ನು ಪರಿವರ್ತಿಸುವುದು 1964ರ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಜಿಲ್ಲಾಧಿಕಾರಿಯವರ ಕೆಲಸ. ಬಡಾವಣೆಯ ನಕ್ಷೆಗೆ ಒಪ್ಪಿಗೆ ಕೊಡುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಯೋಜನಾ ಪ್ರಾಧಿಕಾರ. ಇದೆಲ್ಲ ಮುಗಿದು, ಸೈಟು ಮಾರಾಟವಾಗಿ, ನಿಮ್ಮಂಥವರ ಮುಂಗಡವೂ ಸಂದಾಯವಾದ ಮೇಲೆ ಕೊನೆಯಲ್ಲಿ ಕಡತ ಪಂಚಾಯಿತಿಗೆ ಬರುತ್ತದೆ. ಹೊಲ ಹೊಲವಾಗಿರುವಾಗಲೇ ಊರಿನ ಗ್ರಾಮಸಭೆಯ ಒಪ್ಪಿಗೆ ಪಡೆಯಲೇಬೇಕು ಎಂಬ ಷರತ್ತು ಎಲ್ಲೂ ಇಲ್ಲ. ನಿಮ್ಮ ದುಡ್ಡು ಸಿಕ್ಕಿಕೊಂಡದ್ದು ಇದರಿಂದಲೇ. ಎರಡು ವರ್ಷದ ಹಿಂದೆ ಗ್ರಾಮಸಭೆ ಕೂತು "ನೀರಿನ ಮೂಲ ತೋರಿಸಿ, ಆಮೇಲೆ ಲೇಔಟ್" ಅಂದಿದ್ದರೆ ನೀವು ಮುಂಗಡವನ್ನೇ ಕೊಡುತ್ತಿರಲಿಲ್ಲ.

ನೀವು ಸಮಾಜ ಪಾಠ ಹೇಳಿದವರು, ಸಂವಿಧಾನದ ಅನುಸೂಚಿಗಳು ನಿಮಗೆ ಬಾಯಿಪಾಠ ಇರಬೇಕು. 73ನೇ ತಿದ್ದುಪಡಿಯಿಂದ ಬಂದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ 29 ವಿಷಯ. ಅದರಲ್ಲಿ 10ನೆಯದು ಗ್ರಾಮೀಣ ವಸತಿ, 11ನೆಯದು ಕುಡಿಯುವ ನೀರು. ಈಗ ಪೇಟೆಗಳ 12ನೇ ಅನುಸೂಚಿ ತೆರೆಯಿರಿ. ಮೊದಲನೆಯದೇ ಪಟ್ಟಣ ಯೋಜನೆ, ಎರಡನೆಯದು ಭೂಬಳಕೆ ಮತ್ತು ಕಟ್ಟಡಗಳ ನಿಯಂತ್ರಣ. ಭೂಬಳಕೆಯ ನಿಯಂತ್ರಣ ಎಂಬ ಆ ಸಾಲು ಹಳ್ಳಿಯ ಪಟ್ಟಿಯಲ್ಲಿಲ್ಲ. ನೀರು ಕೊಡುವ ಹೊಣೆ ಪಂಚಾಯಿತಿಯದು, ಎಷ್ಟು ಮನೆಗೆ ಎಂದು ತೀರ್ಮಾನಿಸುವುದು ಬೇರೆಯವರು. ಮೂವತ್ತು ವರ್ಷ ಕಳೆದರೂ ಇದನ್ನು ಸರಿಪಡಿಸಬೇಕೆಂದು ಯಾವ ಪಕ್ಷಕ್ಕೂ ಅನ್ನಿಸಿಲ್ಲ ಎಂಬುದು ನನಗೆ ನಿಜವಾಗಿ ನೋವಿನ ಸಂಗತಿ.

ಪಕ್ಕದ ಕೇರಳದಲ್ಲಿ 2008ರಿಂದ ಭತ್ತದ ಗದ್ದೆ ಮತ್ತು ಜೌಗು ಭೂಮಿಯ ರಕ್ಷಣೆಗೆ ಕಾಯ್ದೆಯಿದೆ. ಅದರಡಿ ಸ್ಥಳೀಯ ಸಮಿತಿಗೆ ಪಂಚಾಯಿತಿ ಅಧ್ಯಕ್ಷರೇ ಅಧ್ಯಕ್ಷರು, ಕೃಷಿ ಅಧಿಕಾರಿ ಸಂಚಾಲಕರು, ಜೊತೆಗೆ ರೈತ ಪ್ರತಿನಿಧಿಗಳು. ಗದ್ದೆ ಬಿಟ್ಟು ಬೇರೆ ಜಾಗವಿಲ್ಲದವರಿಗೆ ಸ್ವಂತ ವಾಸದ ಮನೆಗೆಂದು ಪಂಚಾಯಿತಿ ಪ್ರದೇಶದಲ್ಲಿ ಗರಿಷ್ಠ 10 ಸೆಂಟ್ಸ್ (ಎಕರೆಯ ಹತ್ತನೇ ಒಂದು ಭಾಗ) ತನಕ ಶಿಫಾರಸು ಮಾಡಬಹುದು. ಮನೆ ಬೇಡ ಎಂದು ಅದು ಹೇಳುವುದಿಲ್ಲ. ಬಡವನ ಸೂರು ಯಾವುದು, ವ್ಯಾಪಾರ ಯಾವುದು ಎಂದು ಊರಿನವರೇ ಕೂತು ಬೇರ್ಪಡಿಸಲಿ ಎನ್ನುತ್ತದೆ. ಅಲ್ಲೂ ಕಾಯ್ದೆಯನ್ನು ತಿದ್ದಿ ಸಡಿಲಿಸಿದ್ದಾರೆ, ಗೊತ್ತು. ಆದರೂ ಒಂದು ಗದ್ದೆಯ ಹಣೆಬರಹದಲ್ಲಿ ಪಂಚಾಯಿತಿಗೆ ಮಾತಿದೆ. ನಾವು 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ತೆಗೆದು, ಕೃಷಿಕರಲ್ಲದವರೂ ಎಷ್ಟೇ ಆದಾಯವಿದ್ದರೂ ಹೊಲ ಕೊಳ್ಳಬಹುದು ಎಂದು ಬಾಗಿಲು ತೆರೆದುಬಿಟ್ಟೆವು. ಆಗಲಾದರೂ ಗ್ರಾಮಸಭೆಗೆ ಒಂದು ಕಾವಲು ಕೊಡಬಹುದಿತ್ತು.

ಎಸ್ಸೆಸ್ಸೆಲ್ಸಿ ದಾಟದವರು ಎಂದಿರಲ್ಲ, ಆ ಮಾತು ನಿಮ್ಮಿಂದ ಬರಬಾರದಿತ್ತು. ಒಡಿಶಾದ ನಿಯಮಗಿರಿ ಬೆಟ್ಟದಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ನೀವೇ ಹೇಳಿ ಎಂದು 2013ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಗ್ರಾಮಸಭೆಗಳಿಗೆ ಬಿಟ್ಟಾಗ, 12 ಗ್ರಾಮಸಭೆಗಳೂ ಒಂದೇ ದನಿಯಲ್ಲಿ ಬೇಡ ಅಂದವು. ಅಲ್ಲಿನ ಆದಿವಾಸಿಗಳಾದ ಡೋಂಗ್ರಿಯಾ ಕೊಂಧರಲ್ಲಿ ಶಾಲೆಯ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ ಇದ್ದರು? ಆ ಬೆಟ್ಟದ ನೀರು ಎಲ್ಲಿ ಹುಟ್ಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು, ಅದು ಸಾಕಾಯಿತು. ನಿಮ್ಮೂರಿನಲ್ಲೂ ಯಾವ ಬೋರ್‌ವೆಲ್ ಯಾವ ತಿಂಗಳಲ್ಲಿ ಕೈಕೊಡುತ್ತದೆ ಎಂದು ಹೇಳಬಲ್ಲವರು ಆ ಸದಸ್ಯರೇ ಹೊರತು, ತಾಲ್ಲೂಕು ಕಚೇರಿಯಲ್ಲಿ ಕೂತು ನಕ್ಷೆ ನೋಡುವವರಲ್ಲ.

ಪಂಚಾಯಿತಿ ಸದಸ್ಯರೇ ಮಾರಿಕೊಂಡರೆ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಪಟಿಯಾಲ ಜಿಲ್ಲೆಯ ರೋಹರ್ ಜಾಗೀರ್ ಎಂಬ ಹಳ್ಳಿಯಲ್ಲಿ ಊರ ಹೊಂಡವನ್ನೇ ಮುಚ್ಚಿ ಮನೆ ಕಟ್ಟಿದರು. ಅಲ್ಲಿನ ಕಲೆಕ್ಟರ್, ಕಟ್ಟಿದ್ದಾಗಿದೆ, ಜಾಗದ ಬೆಲೆ ವಸೂಲು ಮಾಡಿ ಬಿಟ್ಟುಬಿಡಿ ಎಂದು ಆದೇಶ ಮಾಡಿದರು. ಪಂಚಾಯಿತಿ ಒತ್ತುವರಿದಾರರ ಜೊತೆ ಶಾಮೀಲಾಗಿತ್ತು. ಮೇಲ್ಮನವಿ ಹಾಕಿದವರು ಊರಿನ ಕೆಲವರು. ಆ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, 2011ರ ಜನವರಿಯಲ್ಲಿ ದೇಶದ ಎಲ್ಲ ರಾಜ್ಯಗಳೂ ಹಳ್ಳಿಗಳ ಸಾಮೂಹಿಕ ಜಮೀನಿನ ಒತ್ತುವರಿ ತೆರವಿಗೆ ಯೋಜನೆ ಮಾಡಬೇಕೆಂಬ ತೀರ್ಪು ಬಂತು. ಹೊಂಡವನ್ನು ಕಲೆಕ್ಟರೂ ಉಳಿಸಲಿಲ್ಲ, ಸದಸ್ಯರೂ ಉಳಿಸಲಿಲ್ಲ, ಊರಿನವರು ಉಳಿಸಿದರು. ಅದಕ್ಕೇ ನಾನು ಸದಸ್ಯರ ಸಾಮಾನ್ಯ ಸಭೆಗಿಂತ ಎಲ್ಲ ಮತದಾರರೂ ಕೂರುವ ಗ್ರಾಮಸಭೆಯನ್ನು ನಂಬುತ್ತೇನೆ. ಹತ್ತು ಸದಸ್ಯರನ್ನು ಕೊಳ್ಳುವುದು ಸುಲಭ, ಇಡೀ ಊರನ್ನು ಕೊಳ್ಳುವುದು ಕಷ್ಟ.

ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆಗೆಂದು ಕರೆದ ಒಂದು ಗ್ರಾಮಸಭೆ ನೆನಪಾಗುತ್ತದೆ. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಪಟ್ಟಿ ಓದುತ್ತಿದ್ದರು. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಎದ್ದು, "ಅವನಿಗೆ ಪೇಟೇಲಿ ತಾರಸಿ ಮನೆ ಐತೆ, ನಮ್ಮ ಓಣಿ ಮುಂಡೆ ಹೆಂಗಸಿನ ಗುಡಿಸಲು ಮಳೇಲಿ ಬಿದ್ದೋಗೈತೆ, ಮೊದ್ಲು ಅವಳ ಹೆಸರು ಬರಕಳಿ" ಅಂದಳು. ಸಭೆ ಒಂದು ಗಳಿಗೆ ಸುಮ್ಮನಾಗಿ, ಆಮೇಲೆ "ಹೌದು ಹೌದು" ಅಂದಿತು. ಆ ಸತ್ಯ ಯಾವ ಸಾಫ್ಟ್‌ವೇರಿನಲ್ಲೂ ಇರಲಿಲ್ಲ.

ಇಂಥ ಸಭೆಗಳ ಮೇಲೆ ನಂಬಿಕೆ ಇಟ್ಟ ರಾಜ್ಯ ನಮ್ಮದು. 1983ರ ಪಂಚಾಯಿತಿ ಕಾಯ್ದೆ ತಂದವರು ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್, ಹಳ್ಳಿಯ ಜನ ಪ್ರೀತಿಯಿಂದ ನೀರ್ ಸಾಬ್ ಎಂದು ಕರೆದವರು. 1987ರ ಚುನಾವಣೆಯಲ್ಲಿ ಹೆಂಗಸರಿಗೆ ಶೇ 25 ಸ್ಥಾನ, ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ದೇಶ ನಮ್ಮನ್ನು ನೋಡಿ ಕಲಿಯಿತು. ಈಗ? ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು 2016ರಲ್ಲಿ. 2021ಕ್ಕೆ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಕಾರುಬಾರು. ಮೀಸಲಾತಿ, ಕ್ಷೇತ್ರ ಪುನರ್‌ವಿಂಗಡಣೆ ಎಂದು ಒಂದಾದ ಮೇಲೊಂದು ನೆಪ. 2015ರ ತಿದ್ದುಪಡಿಯಲ್ಲಿ ಕಾಯ್ದೆಯ ಹೆಸರಿಗೆ ಗ್ರಾಮ ಸ್ವರಾಜ್ ಎಂದು ಸೇರಿಸಿದ ರಾಜ್ಯವೇ ಇದು. ಹಳ್ಳಿಯವನಿಗೆ ಮತ ಹಾಕುವ ಅವಕಾಶವನ್ನೇ ಕೊಡದೆ ಅವನ ಹೊಲ ಏನಾಗಬೇಕೆಂದು ಮೇಲಿನವರು ತೀರ್ಮಾನಿಸುತ್ತಾ ಹೋದರೆ, ಜನ ಕೊನೆಗೆ ಬೀದಿಗೇ ಇಳಿಯಬೇಕಾಗುತ್ತದೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣದ ರೈತರು 1,777 ಎಕರೆ ಉಳಿಸಿಕೊಳ್ಳಲು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂರಬೇಕಾಯಿತು. 2025ರ ಜುಲೈನಲ್ಲಿ ಸರ್ಕಾರ ಸ್ವಾಧೀನ ಕೈಬಿಟ್ಟಿತು. ಆ 13 ಹಳ್ಳಿಗಳ ಮಾತನ್ನು ಮೊದಲೇ ಕೇಳಿಸಿಕೊಂಡಿದ್ದರೆ ಅಷ್ಟು ಮಳೆ ಬಿಸಿಲು ಯಾಕೆ ಬೇಕಿತ್ತು?

ಇನ್ನು ನೀವು ಮಾಡಬೇಕಾದದ್ದು. ಪಂಚಾಯಿತಿಯನ್ನು ಬೈಯುವುದು ಬಿಡಿ. ನಿರ್ಣಯದ ನಕಲು ಕೇಳಿ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೂ ಸರಿ. ನೀರಿನ ಮೂಲ ಎಲ್ಲಿ, ಕೊಳಚೆ ಎಲ್ಲಿಗೆ ಹೋಗುತ್ತದೆ ಎಂದು ಲೇಔಟಿನವರಿಂದ ಬರಹದಲ್ಲಿ ಉತ್ತರ ತರಿಸಿ. ಬೋರ್‌ವೆಲ್ ಕೊರೆಸಿ, ಶುದ್ಧೀಕರಣ ಘಟಕ ಕಟ್ಟಿಕೊಟ್ಟರೆ ನಿಮ್ಮ ಪಂಚಾಯಿತಿ ಒಪ್ಪುತ್ತದೆ ಎಂದು ನಿರ್ಣಯದ ಮಾತುಗಳಿಂದಲೇ ತೋರುತ್ತದೆ. ಅಲ್ಲಿಯವರೆಗೆ ಬಾಕಿ ಹಣ ಕೊಡಬೇಡಿ, ನೋಂದಣಿ ಮಾಡಿಸಬೇಡಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಭೆಗೆ ಹೋಗಿ, ಇನ್ನು ಮುಂದೆ ನಮ್ಮ ಸರಹದ್ದಿನಲ್ಲಿ ಯಾವ ಲೇಔಟಿನ ಪ್ರಸ್ತಾವ ಬಂದರೂ ಮೊದಲು ಗ್ರಾಮಸಭೆಯ ಮುಂದಿಡಬೇಕು ಎಂದು ನೀವೇ ವಿಷಯ ಮಂಡಿಸಿ. ಮೇಷ್ಟ್ರ ಮಾತಿಗೆ ಊರಲ್ಲಿ ಇನ್ನೂ ಬೆಲೆಯಿದೆ. ನಿರ್ಣಯವಾದರೆ ಅದರ ನಕಲು ನಮಗೆ ಕಳಿಸಿ, ಪೂರ್ತಿಯಾಗಿ ಅಚ್ಚು ಮಾಡುತ್ತೇವೆ.