ಲಿವರ್‌ನಲ್ಲಿ ಕೊಬ್ಬು ಸೇರಿದರೆ ಮೂಳೆ ಟೊಳ್ಳಾಗುತ್ತಾ?

ಕಳೆದ ಸಂಚಿಕೆಯಲ್ಲಿ ಫ್ಯಾಟಿ ಲಿವರ್ ಬಗ್ಗೆ ಬರೆದಿದ್ದೆ. ಆಮೇಲೆ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಮೂಳೆಯದ್ದೇ ಪ್ರಶ್ನೆ. ಹಾಗಾಗಿ ಈ ಸಲ ಅದನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಐದು ವರ್ಷ ಆಯಿತು. ಹೋದ ತಿಂಗಳು ಬಚ್ಚಲಲ್ಲಿ ಜಾರಿ ಕೈ ಊರಿದೆ, ಅಷ್ಟಕ್ಕೇ ಮಣಿಕಟ್ಟು ಮುರಿಯಿತು. ಮಗ ಫುಲ್ ಚೆಕಪ್ ಮಾಡಿಸಿದ. ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್, ರಕ್ತದಲ್ಲಿ ವಿಟಮಿನ್ ಡಿ 14. ಲಿವರ್‌ನ ಕೊಬ್ಬೇ ಮೂಳೆ ತಿಂದಿದೆ ಅಂತ ಮಗ ಮೊಬೈಲ್‌ನಲ್ಲಿ ಓದಿ ಹೇಳುತ್ತಾನೆ. ಅತ್ತೆ ‘ಕುಡಿಯೋರಿಗೆ ಬರೋ ಕಾಯಿಲೆ ನಿನಗೆ ಹೇಗೆ ಬಂತು’ ಅನ್ನುತ್ತಾರೆ. ಏನು ಹೇಳಲಿ ಡಾಕ್ಟ್ರೇ?
– ಹೆಸರು ಬೇಡ, ತಿಪಟೂರು

ಉತ್ತರ: ಮೊದಲು ಅತ್ತೆಯವರ ಮಾತು ಮುಗಿಸಿಬಿಡೋಣ ಅಮ್ಮಾ. ಒಂದು ತೊಟ್ಟು ಕುಡಿಯದವರಿಗೂ ಇದು ಬರುತ್ತದೆ. ಹೊಟ್ಟೆಯ ಬೊಜ್ಜು, ಶುಗರ್, ರಕ್ತದಲ್ಲಿ ಏರಿದ ಟ್ರೈಗ್ಲಿಸರೈಡ್, ಇವು ಸಾಕು. ಹಳೇ ಹೆಸರಿನಲ್ಲಿ ‘ಆಲ್ಕೋಹಾಲ್’ ಅನ್ನುವ ಪದ ಇತ್ತು. ಕುಡಿಯದವರಿಗೆ ಸುಮ್ನೆ ಮುಜುಗರ ಅಲ್ವಾ? 2023ರಲ್ಲಿ ಲಿವರ್ ತಜ್ಞರು ಕಾಯಿಲೆಯ ಹೆಸರನ್ನೇ ಬದಲಾಯಿಸಿದರು.

ಮಗನ ಮಾತು ಅರ್ಧ ಸರಿ. ಲಿವರ್‌ಗೂ ಮೂಳೆಗೂ ಕೊಡು-ಕೊಳ್ಳುವ ವ್ಯವಹಾರ ಇರುವುದು ನಿಜ. ಬಿಸಿಲಲ್ಲಿ ಚರ್ಮ ತಯಾರಿಸುವ ವಿಟಮಿನ್ ಡಿ ಹಾಗೇ ಕೆಲಸಕ್ಕೆ ಬರುವುದಿಲ್ಲ, ಒಂದು ಸಲ ಲಿವರ್‌ನಲ್ಲಿ, ಇನ್ನೊಂದು ಸಲ ಕಿಡ್ನಿಯಲ್ಲಿ ಮಾರ್ಪಾಡಾದ ಮೇಲೆ ಅದು ಕರುಳಿನಿಂದ ಕ್ಯಾಲ್ಸಿಯಂ ಹೀರಿಸುತ್ತದೆ. ಮೂಳೆ ಕಟ್ಟಲು ನೆರವಾಗುವ ಐಜಿಎಫ್-1 ಅನ್ನುವ ಹಾರ್ಮೋನಿನ ಬಹುಪಾಲು ಲಿವರ್‌ನಲ್ಲೇ ತಯಾರಾಗುತ್ತದೆ. ಲಿವರ್ ಊದಿಕೊಂಡು ಉರಿಯೂತ ಶುರುವಾದರೆ ಅಲ್ಲಿಂದ ಹೊರಡುವ ಕೆಲವು ರಾಸಾಯನಿಕಗಳು ಮೂಳೆ ಕರಗಿಸುವ ಜೀವಕೋಶಗಳನ್ನು ಚುರುಕು ಮಾಡುತ್ತವೆ.

ಆದರೆ ಬರೀ ಕೊಬ್ಬು ಸೇರಿದ ಹಂತದಲ್ಲಿ ಇದೆಲ್ಲ ಸಾಮಾನ್ಯವಾಗಿ ಕೈಕೊಡುವುದಿಲ್ಲ. ಲಿವರ್ ಗಟ್ಟಿಯಾಗಿ ಸಿರೋಸಿಸ್ ಆದವರಲ್ಲಿ ಮೂಳೆ ಟೊಳ್ಳಾಗುವುದು ಚೆನ್ನಾಗಿ ಗೊತ್ತಿರುವ ವಿಷಯ. ಬರೀ ಕೊಬ್ಬು ತುಂಬಿರುವ ಹಂತದಲ್ಲಿ ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ಕೆಲವದರಲ್ಲಿ ಮೂಳೆಯ ಸಾಂದ್ರತೆ ಕಡಿಮೆ, ಕೆಲವದರಲ್ಲಿ ವ್ಯತ್ಯಾಸವೇ ಇಲ್ಲ. ಯಾಕಂದ್ರೆ ತೂಕ ಜಾಸ್ತಿ ಇದ್ದವರ ಮೂಳೆ ದಿನಾ ಆ ಭಾರ ಹೊತ್ತು ಹೊತ್ತು ಒಂದಿಷ್ಟು ದಪ್ಪವಾಗಿಯೂ ಇರುತ್ತದೆ.

ನಿಮ್ಮ ಮಣಿಕಟ್ಟಿನ ವಿಷಯದಲ್ಲಿ ನನ್ನ ಅನುಮಾನ ಮುಟ್ಟು ನಿಂತದ್ದರ ಮೇಲೆ. ಈಸ್ಟ್ರೋಜನ್ ಇಳಿದ ಮೊದಲ ಕೆಲವು ವರ್ಷ ಮೂಳೆ ಬೇಗ ಬೇಗ ಸವೆಯುತ್ತದೆ. ಅದೇ ಹೊತ್ತಿಗೆ ಸೊಂಟದಲ್ಲಿದ್ದ ಕೊಬ್ಬು ಹೊಟ್ಟೆಗೆ, ಲಿವರ್‌ಗೆ ಸೇರತೊಡಗುತ್ತದೆ. ಎರಡೂ ಒಟ್ಟಿಗೆ ಬಂದಿವೆ, ಅದಕ್ಕೇ ಒಂದು ಇನ್ನೊಂದನ್ನು ತಿಂದಂತೆ ಕಾಣುತ್ತದೆ. ವಿಟಮಿನ್ ಡಿ 20ಕ್ಕಿಂತ ಕಡಿಮೆ ಅಂದರೆ ಕೊರತೆ. ನಿಮ್ಮ 14ಕ್ಕೆ ಬಿಸಿಲು ಕಾಣದಿರುವುದು, ಮೈಯ ಕೊಬ್ಬು ಡಿಯನ್ನು ಹಿಡಿದಿಟ್ಟುಕೊಳ್ಳುವುದು, ಇವೇ ಕಾರಣ ಇರಬಹುದು.

ಈಗ ಮಾಡಬೇಕಾದ್ದು. ನಿಂತ ಎತ್ತರದಿಂದ ಬಿದ್ದು ಮುರಿದ ಮೂಳೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ. ಕ್ಯಾಂಪ್‌ಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಮೆಷಿನ್ ಇದಕ್ಕೆ ಸಾಲದು. ಡೆಕ್ಸಾದಲ್ಲಿ ಬರುವ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ. ಅಷ್ಟು ಕೆಳಗಿಲ್ಲದಿದ್ದರೂ ಮುರಿತ ಆಗಿದೆ ಅನ್ನುವುದನ್ನು ಒತ್ತಿ ಹೇಳಿ, ಔಷಧ ಬೇಕೋ ಬೇಡವೋ ಅನ್ನುವುದು ಅದರ ಮೇಲೂ ನಿಂತಿದೆ. ಲಿವರ್ ಗಟ್ಟಿಯಾಗಿದೆಯಾ ಅಂತ ಅಂದಾಜು ಮಾಡುವ ಫಿಬ್-4 ಲೆಕ್ಕ ಹಾಕಿಸಿ: ವಯಸ್ಸು, ಎರಡು ಲಿವರ್ ಎನ್‌ಜೈಮು, ಪ್ಲೇಟ್‌ಲೆಟ್, ಇಷ್ಟೇ ಬೇಕು. 1.3ಕ್ಕಿಂತ ಕಡಿಮೆ ಬಂದರೆ ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಜಾಸ್ತಿ ಬಂದರೆ ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯುವ ಫೈಬ್ರೋಸ್ಕ್ಯಾನ್. ಸ್ಕ್ಯಾನಿಂಗ್‌ನ ‘ಗ್ರೇಡ್’ ಕೊಬ್ಬು ಎಷ್ಟಿದೆ ಅಂತ ಮಾತ್ರ ಹೇಳುತ್ತದೆ. ಒಬ್ಬರು ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಗ್ರೇಡ್ 1 ಅಂದರೆ ಕ್ಯಾನ್ಸರ್‌ನ ಫಸ್ಟ್ ಸ್ಟೇಜ್ ಅಂದುಕೊಂಡು ಎರಡು ದಿನ ಊಟ ಬಿಟ್ಟಿದ್ದರಂತೆ, ಪಾಪ.

ಪ್ರಶ್ನೆ: 38 ವರ್ಷ, ಸಾಫ್ಟ್‌ವೇರ್ ಕೆಲಸ. ಫ್ಯಾಟಿ ಲಿವರ್ ಅಂದ ತಕ್ಷಣ ಸಲಾಡ್ ಮತ್ತು ಬ್ಲ್ಯಾಕ್ ಕಾಫಿಯಲ್ಲೇ ಎರಡೂವರೆ ತಿಂಗಳಲ್ಲಿ 92 ಕೆಜಿಯಿಂದ 79ಕ್ಕೆ ಇಳಿದೆ. ಈಗ ಮೆಟ್ಟಿಲು ಹತ್ತಿದರೆ ತೊಡೆ ನಡುಗುತ್ತದೆ. ಮೂಳೆಯೂ ಹೋಯಿತಾ?
– ಓದುಗ, ಬೆಂಗಳೂರು

ಉತ್ತರ: ಛಲ ಮೆಚ್ಚಿದೆ, ದಾರಿ ಮೆಚ್ಚಲಿಲ್ಲ. ತೂಕದಲ್ಲಿ ನೂರಕ್ಕೆ 7ರಿಂದ 10ರಷ್ಟು ಇಳಿದರೆ ಲಿವರ್‌ನ ಕೊಬ್ಬು, ಉರಿಯೂತ ಎರಡೂ ತಗ್ಗುತ್ತವೆ. ನೀವು 14 ದಾಟಿದ್ದೀರಿ, ಅದೂ ಓಡೋಡಿ. ಹೀಗೆ ಉಪವಾಸ ಬಿದ್ದು ಇಳಿಸಿದಾಗ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಮೂಳೆಯೂ ಸ್ವಲ್ಪ ಸವೆಯುತ್ತದೆ, ಪಿತ್ತಕೋಶದಲ್ಲಿ ಕಲ್ಲು ಬೀಳುವ ಸಾಧ್ಯತೆಯೂ ಜಾಸ್ತಿ. ತೊಡೆ ನಡುಗುವುದು ಮಾಂಸಖಂಡದ ದೂರು ಇರಬೇಕು. ಮೂಳೆ ಸವೆದರೆ ನಡುಗುವುದೂ ಇಲ್ಲ, ನೋಯುವುದೂ ಇಲ್ಲ. ಮುರಿಯುವ ತನಕ ಅದು ಬಾಯೇ ಬಿಡುವುದಿಲ್ಲ. ನಡುಕ ನಿಲ್ಲದಿದ್ದರೆ ಥೈರಾಯ್ಡ್, ಬಿ12 ಒಮ್ಮೆ ನೋಡಿಸಿ.

ಇನ್ನು ತೂಕ ಇಳಿಸುವುದು ನಿಲ್ಲಿಸಿ. ಮೂರೂ ಹೊತ್ತು ಪ್ರೋಟೀನ್ ಇರಲಿ: ಮೊಟ್ಟೆ, ಮೊಸರು, ಹುರುಳಿ, ಹೆಸರುಕಾಳಿನ ಉಸಲಿ, ಯಾವುದಾದರೂ ಸರಿ. ವಾರಕ್ಕೆ ಎರಡು ಮೂರು ದಿನ ಭಾರ ಎತ್ತಿ. ಜಿಮ್‌ಗೇ ಹೋಗಬೇಕಂತಿಲ್ಲ, ಬಸ್ಕಿ ಹೊಡೆಯಿರಿ, ಎರಡು ಕೈಯಲ್ಲಿ ಐದೈದು ಲೀಟರ್ ನೀರಿನ ಕ್ಯಾನ್ ಹಿಡಿದು ಮೆಟ್ಟಿಲು ಹತ್ತಿ. ಮೂಳೆಗೆ ಭಾರ ಬಿದ್ದರೇನೇ ಅದು ಉಳಿದುಕೊಳ್ಳುವುದು. ಕಾಫಿ ಬಿಡಬೇಡಿ. ಕಾಫಿ ಕುಡಿಯುವವರಲ್ಲಿ ಲಿವರ್ ಗಟ್ಟಿಯಾಗುವುದು ಕಡಿಮೆ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಸಕ್ಕರೆ ಮಾತ್ರ ಬೇಡ. ಚಿಕ್ಕಮಗಳೂರಿನ ಕಡೆಯವನಾದ ನನಗೆ ಇದನ್ನು ಬರೆಯುವುದೇ ಒಂದು ಖುಷಿ.

ಪ್ರಶ್ನೆ: ನಮ್ಮ ಮನೆಯವರಿಗೆ 61. ಶುಗರ್, ಫ್ಯಾಟಿ ಲಿವರ್ ಎರಡೂ ಇದೆ. ಡಾಕ್ಟರ್ ಪಯೋಗ್ಲಿಟಝೋನ್ ಅನ್ನುವ ಶುಗರ್ ಮಾತ್ರೆ ಬರೆದಿದ್ದಾರೆ. ಮೆಡಿಕಲ್ ಶಾಪ್‌ನವರು ಇದು ಮೂಳೆಗೆ ಒಳ್ಳೇದಲ್ಲ ಅಂದರು. ನಿಲ್ಲಿಸಲಾ?
– ಓದುಗರು, ದಾವಣಗೆರೆ

ಉತ್ತರ: ನೀವಾಗೇ ನಿಲ್ಲಿಸಬೇಡಿ. ಆದರೆ ಅಂಗಡಿಯವರು ಹೇಳಿದ್ದರಲ್ಲಿ ಹುರುಳಿದೆ. ಈ ಮಾತ್ರೆ ಲಿವರ್‌ನ ಕೊಬ್ಬು, ಉರಿಯೂತ ಎರಡನ್ನೂ ಇಳಿಸುತ್ತದೆ. ಅದೇ ಮಾತ್ರೆ ಮೂಳೆ ಮಜ್ಜೆಯಲ್ಲಿ ಮೂಳೆ ಕಟ್ಟಬೇಕಾದ ಕೋಶಗಳನ್ನು ಕೊಬ್ಬಿನ ಕೋಶಗಳಾಗುವ ಕಡೆ ತಿರುಗಿಸುತ್ತದೆ. ಹೆಂಗಸರಲ್ಲಿ ಕೈ, ಪಾದದ ಮುರಿತ ಜಾಸ್ತಿಯಾಗಿದ್ದು ಕಂಡಿದೆ. ಡಾಕ್ಟರ್ ಹತ್ರ ನೇರವಾಗಿ ಕೇಳಿ: ಡೆಕ್ಸಾ ಮಾಡಿಸೋಣವಾ, ಬದಲಿ ಮಾತ್ರೆ ಇದೆಯಾ? ಹಿಂದೆ ಮೂಳೆ ಮುರಿದಿದ್ದರೆ, ಕಾಲು ಊದುತ್ತಿದ್ದರೆ, ಹಾರ್ಟ್ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ. ಇನ್ನೊಂದು ವಿಷಯ, ಶುಗರ್ ಇದ್ದವರಲ್ಲಿ ಡೆಕ್ಸಾ ಅಂಕ ಚೆನ್ನಾಗಿದ್ದರೂ ಮೂಳೆ ಮುರಿಯುವುದುಂಟು. ಒಳ್ಳೇ ಅಂಕ ಬಂತು ಅಂತ ಪೂರ್ತಿ ನಿಶ್ಚಿಂತೆ ಬೇಡ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿದ್ದರೆ, ಮೂಳೆಯ ದೃಷ್ಟಿಯಿಂದ ಅದು ಇನ್ನೂ ಬೇಕಾ ಅಂತಲೂ ಕೇಳಿ.

ಪ್ರಶ್ನೆ: ವಾರಕ್ಕೊಂದು ವಿಟಮಿನ್ ಡಿ ಪುಡಿ ಒಂದೂವರೆ ವರ್ಷದಿಂದ ಹಾಲಿಗೆ ಹಾಕಿ ಕುಡಿಯುತ್ತಿದ್ದೇನೆ. ಬೆಳಿಗ್ಗೆ ಆರೂವರೆಗೆ ವಾಕಿಂಗ್, ಮಧ್ಯಾಹ್ನ ಎರಡು ರಾಗಿಮುದ್ದೆ. ಮೂಳೆಗೂ ಲಿವರ್‌ಗೂ ಇಷ್ಟು ಸಾಕಲ್ವಾ?
– ಓದುಗರು, ಹಾಸನ

ಉತ್ತರ: ಪುಡಿ ಇವತ್ತೇ ನಿಲ್ಲಿಸಿ. ಆ ಒಂದು ಪೊಟ್ಟಣದಲ್ಲಿ 60,000 ಯೂನಿಟ್ ಇರುತ್ತದೆ. ವಾರಕ್ಕೊಂದರಂತೆ ಸಾಮಾನ್ಯವಾಗಿ ಎಂಟು ವಾರ, ಆಮೇಲೆ ಬೇಕಾದರೆ ತಿಂಗಳಿಗೊಂದು. ಚೀಟಿ ಹಳೆಯದಾದರೂ ಅಂಗಡಿಯಲ್ಲಿ ಕೊಡುತ್ತಲೇ ಇರುತ್ತಾರೆ. ಡಿ ಮಿತಿ ಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಕಿಡ್ನಿಗೂ ಪೆಟ್ಟು.

ವಾಕಿಂಗ್ ಬಿಡಬೇಡಿ, ಆದರೆ ಆರೂವರೆಯ ಬಿಸಿಲಲ್ಲಿ ಡಿ ಹುಟ್ಟುವುದಿಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಲಿ. ಕಿಟಕಿ ಗಾಜಿನ ಹಿಂದೆ ಕೂತರೆ ಲೆಕ್ಕಕ್ಕಿಲ್ಲ. ರಾಗಿ ಒಳ್ಳೇದೇ, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 340 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ದಿನಕ್ಕೆ ಬೇಕಾದ್ದು 1000. ಹಾಗಂತ ಮೂರನೇ ಮುದ್ದೆ ಹಾಕಿಸಿಕೊಳ್ಳಬೇಡಿ, ಅದು ಪಿಷ್ಟ, ಲಿವರ್‌ಗೆ ಹೊರೆ. ಒಂದು ಮುದ್ದೆ ತಗ್ಗಿಸಿ, ಆ ಜಾಗಕ್ಕೆ ನುಗ್ಗೆಸೊಪ್ಪಿನ ಬಸ್ಸಾರು, ಒಂದು ಬಟ್ಟಲು ಮೊಸರು ಬರಲಿ. ಈ ವಾರವೇ ರಕ್ತದಲ್ಲಿ ಡಿ, ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಮೂರೂ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೊತೆಗೆ ಆ ಪುಡಿಯ ಖಾಲಿ ಪೊಟ್ಟಣವನ್ನೂ ಡಾಕ್ಟರ್‌ಗೆ ತೋರಿಸಿ.